ಗುರುವಾರದ ಚುಕ್ಕೆ

ಆಗಸ್ಟ್ ೯

ಅಕ್ಕಾ,

ಒಂದು ಮಾತನ್ನು ಬರೆಯದೆ ಬಿಡುವವಳಿದ್ದೆ. ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ ಅನ್ನಿಸಿ ಮೊದಲಿಗೇ ಬರೆದುಬಿಡುತ್ತಿದ್ದೇನೆ. ನನ್ನ ಮಗಳು ನಿನ್ನ ಮನೆಯಲ್ಲಿದ್ದಾಳೆ ಎಂದು ನನಗೆ ಗೊತ್ತು. ನನ್ನ ತರಗತಿಗೆಂದು ನೀನು ಹೊಲಿದು ಕಳಿಸಿದ ಕಪ್ಪು ಪರದೆಗಳ ಪೊಟ್ಟಣದ ಮೇಲೆ ವಿಳಾಸ ಬರೆದ ಕೈ ಅವಳದು. ಏಳರ ಅಂಕಿಗೆ ನಡುವೆ ಅಡ್ಡಗೆರೆ ಎಳೆಯುವುದನ್ನು ಅವಳಿಗೆ ಕಲಿಸಿದವಳು ನಾನೇ.

ಹೆದರಬೇಡ, ನಾನು ಬಸ್ಸು ಹತ್ತಿ ಬರುವುದಿಲ್ಲ. ಮಾರ್ಚಿನಲ್ಲಿ ಅವಳು ಕಾಲೇಜನ್ನೂ ಮನೆಯನ್ನೂ ಬಿಟ್ಟು ಹೋದಾಗಿನಿಂದ ಪೊಲೀಸರನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದೇನೆ. ನಿನ್ನನ್ನೂ ಕೇಳಿದ್ದೆ. ‘ಇಲ್ಲ’ ಎನ್ನುವ ಮೊದಲು ನೀನು ಕೆಮ್ಮಿದ್ದೆ. ಅವಳು ಊಟ ಮಾಡುತ್ತಾಳೆಯೇ, ತಲೆ ಬಾಚಿಕೊಳ್ಳುತ್ತಾಳೆಯೇ, ಇಷ್ಟು ತಿಳಿದರೆ ಸಾಕು. ಫೋನಿನಲ್ಲಿ ನಾವಿಬ್ಬರೂ ಕಿರುಚಾಡುತ್ತೇವೆ. ಕಾಗದದಲ್ಲೇ ಹೇಳು.

ಪರದೆಗಳು ಚೆನ್ನಾಗಿ ಕೂತಿವೆ. ಕ್ಷಮಿಸು, ಮೊದಲ ದಿನವೇ ನಿನ್ನ ಬಟ್ಟೆಗೆ ಸೂಜಿಯಿಂದ ತೂತು ಮಾಡಿದೆ. ಆ ತೂತಿನಿಂದ ಇಡೀ ಸೂರ್ಯ ಒಳಗೆ ಬಂದು ಎದುರು ಹಿಡಿದ ಕಾಗದದ ಮೇಲೆ ಬಟಾಣಿ ಕಾಳಿನಷ್ಟಾಗಿ ಕೂತ. ಆಮೇಲೆ ಹಳೇ ಸಿ.ಡಿ. ಚೂರನ್ನು ಬೂಟಿನ ಡಬ್ಬದೊಳಗೆ ಇಟ್ಟು ಬಲ್ಬಿನ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದೆವು. ಈಗ ಅಯಸ್ಕಾಂತದ ಸರದಿ. ಸೂರ್ಯನ ಮೇಲಿನ ಕಪ್ಪು ಕಲೆಗಳೆಲ್ಲ ಅಯಸ್ಕಾಂತ ಶಕ್ತಿಯ ಗಂಟುಗಳು ಎಂದರೆ ಮಕ್ಕಳು ನಂಬಲಿಲ್ಲ. ಹಳದಿ ರಟ್ಟಿನ ಸೂರ್ಯನ ಬೆನ್ನಿಗೆ ಅಯಸ್ಕಾಂತಗಳನ್ನು ಅಡಗಿಸಿ ಅಂಟಿಸಿದೆ. ಮೇಲೆ ಕಬ್ಬಿಣದ ಪುಡಿ ಉದುರಿಸಿದಾಗ, ಎಲ್ಲೆಲ್ಲಿ ಅಡಗಿಸಿದ್ದೆನೋ ಅಲ್ಲೆಲ್ಲ ಪುಡಿ ಕೂದಲಿನಂತೆ ಎದ್ದು ನಿಂತಿತು.

ಈ ವಾರ ಒಂದು ಗಾಜಿನ ಭರಣಿ ತಂದಿದ್ದೇವೆ. ಒಳಗೆ ನೂಲಿನಲ್ಲಿ ತೂಗುಬಿಟ್ಟ ಪುಟ್ಟ ಅಯಸ್ಕಾಂತ, ಅದಕ್ಕೊಂದು ಕನ್ನಡಿ ಚೂರು. ದೀಪದ ಬೆಳಕು ಕನ್ನಡಿಗೆ ಬಡಿದು ಗೋಡೆಯ ಮೇಲೆ ಚುಕ್ಕೆಯಾಗಿ ಬೀಳುತ್ತದೆ. ಸೂರ್ಯನಲ್ಲಿ ಬಿರುಗಾಳಿ ಎದ್ದರೆ ಭೂಮಿಯ ಅಯಸ್ಕಾಂತ ಶಕ್ತಿ ಅಲುಗುತ್ತದೆ, ಚುಕ್ಕೆ ಸರಿಯುತ್ತದೆ. ಇಲ್ಲಿಯವರೆಗೆ ಸರಿದಿಲ್ಲ. ದಿನವೂ ನೋಡುತ್ತೇವೆ.

ತಲೆ ಬಾಚಿಕೊಳ್ಳುತ್ತಾಳೆಯೇ?

ನಿನ್ನ ತಂಗಿ


ಆಗಸ್ಟ್ ೨೦

ತಂಗೀ,

ಏಳಕ್ಕೆ ಅಡ್ಡಗೆರೆ! ಕೊಡೇ, ವಿಳಾಸ ನಾನೇ ಬರೀತೀನಿ ಅಂದೆ. “ನಿಮ್ಮ ಅಕ್ಷರ ಕೋಳಿ ಕೆದಕಿದ ಹಾಗಿದೆ ದೊಡ್ಡಮ್ಮ, ಪೊಟ್ಟಣ ಸಮುದ್ರಕ್ಕೆ ಹೋಗುತ್ತೆ” ಅಂದಳು. ಕಳ್ಳಿಯರಿಬ್ಬರೂ ಒಟ್ಟಿಗೇ ಸಿಕ್ಕಿಬಿದ್ವಿ.

ಹೌದು, ಇಲ್ಲೇ ಇದಾಳೆ. ಹೊಲಿಗೆ ಅಂಗಡಿ ಮೇಲಿನ ರೂಮಲ್ಲಿ. ಬಂದ ಹೊಸದರಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಏನೂ ಕೇಳಲಿಲ್ಲ, ಮಿಷನ್ ತುಳೀತಾ ಇದ್ದೆ. ಒಂದಿನ ತಾನಾಗೇ ಕೆಳಗಿಳಿದು ಬಂದು “ಗುಂಡಿಗೆ ಕಾಜಾ ಹಾಕಲಾ?” ಅಂದಳು. ಆ ಹೊತ್ತಲ್ಲೇ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಮಾತ್ರೆ ತಗೋತಾಳೆ. ಊಟ ಮಾಡ್ತಾಳೆ. ತಲೆ ಬಾಚ್ಕೋತಾಳೆ, ಕೂದಲು ಗಿಡ್ಡ ಮಾಡ್ಕೊಂಡಿದಾಳೆ, ನೋಡಿದ್ರೆ ನೀನು ಎದೆ ಹೊಡ್ಕೋತಿದ್ದೆ. ಈಗ ಒಂದು ಕೆಲಸಾನೂ ಸಿಕ್ಕಿದೆ, ಗಾಡಿ ಓಡಿಸ್ತಾಳೆ. ಎಂಥ ಗಾಡಿ, ಯಾರ ಗಾಡಿ ಅಂತ ಕೇಳಬೇಡ. ಹೇಳಲ್ಲ ಅಂತ ಅವಳ ತಲೆ ಮುಟ್ಟಿ ಮಾತು ಕೊಟ್ಟಿದೀನಿ. ನೀನು ಬಂದೆ ಅಂದ್ರೆ ಇಲ್ಲಿಂದಲೂ ಹೋಗ್ತಾಳಂತೆ. ಹೋದ್ರೆ ಎಲ್ಲಿಗೆ ಹೋಗ್ತಾಳೆ ಅಂತ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಅದೇ ನನ್ನ ಭಯ. ನೆನಪಿಟ್ಕೋ.

ಒಂದು ಕೇಳ್ತೀನಿ, ಬೈಬೇಡ. “ಅಮ್ಮ, ನನಗೆ ಬೆಳಗಾಗೋದೇ ಬೇಡ ಅನ್ಸುತ್ತೆ” ಅಂತ ಅವಳು ಬಂದು ಹೇಳಿದಾಗ ನೀನು ಕೋಷ್ಟಕ ಗೆರೆ ಎಳೆದು ಕೊಟ್ಟೆಯಂತೆ? ನಿದ್ದೆ ಎಷ್ಟು, ಊಟ ಎಷ್ಟು, ಬೇಜಾರು ಹತ್ತಕ್ಕೆ ಎಷ್ಟು? ಹತ್ತಕ್ಕೆ ಎಷ್ಟು! ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನಿನ್ನನ್ನು ಇಂಗ್ಲಿಷ್ ಸ್ಕೂಲಿಗೆ ಹಾಕಿದ್ದೇ ಅಪ್ಪ ಮಾಡಿದ ತಪ್ಪು. ಲೆಕ್ಕ ಎಲ್ಲ ಬಂತು, ಮಗೂನ ತಬ್ಬಿಕೊಳ್ಳೋದು ಬರಲಿಲ್ಲ.

ಬಟ್ಟೆಗೆ ತೂತು ಮಾಡಿದ್ದಕ್ಕೆ ದಂಡ ಇದೆ. ಆಮೇಲೆ ಹೇಳ್ತೀನಿ.

ಅಕ್ಕ


ಅಕ್ಟೋಬರ್ ೪

ಅಕ್ಕಾ,

ಕೋಷ್ಟಕದ ಮಾತಿಗೆ ಉತ್ತರ ಬರೆದೆ, ಹರಿದೆ. ಮತ್ತೆ ಬರೆದೆ, ಹರಿದೆ. ನಿಜ ಎಂದಷ್ಟೇ ಈಗ ಬರೆಯಬಲ್ಲೆ. ಗೊತ್ತಿಲ್ಲದ್ದರ ಮುಂದೆ ನಿಂತಾಗ ನನಗೆ ಬರುವುದು ಅದೊಂದೇ. ಸ್ಕೇಲು ತೆಗೆದುಕೊಂಡು ಗೆರೆ ಎಳೆಯುತ್ತೇನೆ. ಅವಳಿಗೆ ಏನು ಕಂಡಿರಬೇಕು ಎಂದು ಆ ಹೊತ್ತಿನಲ್ಲಿ ಯೋಚಿಸಿದೆನೇ? ಇಲ್ಲ. ಗೆರೆ ನೇರವಾಗಿದೆಯೇ ಎಂದು ನೋಡುತ್ತಿದ್ದೆ.

ಈಗ ಬೇರೆ ಸುದ್ದಿ. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಚುಕ್ಕೆ ಸರಿಯಿತು! ಮಧ್ಯಾಹ್ನದ ಬಿಡುವು ಮುಗಿದ ಮೇಲಿನ ಪಾಠದಲ್ಲಿ, ಅಂಗೈ ಅಗಲದಷ್ಟು ಎಡಕ್ಕೆ. ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿದರು. ಸ್ವಲ್ಪ ಹೊತ್ತು ಅಲ್ಲೇ ನಿಂತು ಚುಕ್ಕೆ ತನ್ನ ಜಾಗಕ್ಕೆ ಮರಳಿತು. ಮುಂದಿನ ವಾರ ಮತ್ತೆ ಹಾಗೆಯೇ, ಅದರ ಮುಂದಿನ ವಾರವೂ ಹಾಗೆಯೇ. ಹೆಡ್‌ಮಿಸ್ ಬಂದು ನೋಡಿದರು. ಅಂತರಶಾಲಾ ಪ್ರದರ್ಶನಕ್ಕೆ ಇದನ್ನೇ ಕಳಿಸೋಣ ಎಂದರು. ನನಗೆ ಬಹಳ ದಿನಗಳ ಮೇಲೆ ಹಸಿವಾಯಿತು.

ತಕರಾರು ಎತ್ತಿದವಳು ಒಬ್ಬಳೇ. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಮಕ್ಕಳು ಅವಳನ್ನು ಲಾಯರಮ್ಮ ಅನ್ನುತ್ತಾರೆ.

“ಮಿಸ್, ಯಾವಾಗಲೂ ಗುರುವಾರಾನೇ ಯಾಕೆ?” ಎಂದಳು.

“ಸೂರ್ಯ ತನ್ನ ಸುತ್ತ ತಾನೇ ತಿರುಗ್ತಾನಲ್ಲ, ಅದಕ್ಕೆ,” ಎಂದ ಹಿಂದಿನ ಬೆಂಚಿನವನೊಬ್ಬ.

“ಅವನು ಒಂದು ಸುತ್ತು ಹಾಕೋಕೆ ಸುಮಾರು ಒಂದು ತಿಂಗಳು ಬೇಕು ಕಣೋ. ನಿನ್ನೆ ತಾನೇ ಪಾಠ ಆಯ್ತು. ಊಟ ಮುಗಿಸಿ ಕೈ ತೊಳ್ಕೊಂಡು ಬಂದು ಬಿರುಗಾಳಿ ಎಬ್ಬಿಸೋಕೆ ಸೂರ್ಯನಿಗೇನು ನಮ್ಮ ಟೈಮ್‌ಟೇಬಲ್ ಕೊಟ್ಟಿದಾರಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವಳು ಕೇಳಿದ್ದು ಸರಿ. ಬೇರೆ ಎರಡು ಶಾಲೆಗಳಲ್ಲೂ ಇಂಥ ಭರಣಿ ಇದೆ. ಅಲ್ಲಿ ಗುರುವಾರ ಏನೂ ಆಗಿಲ್ಲ. ಕಾರಣ ಹುಡುಕಬೇಕು.

ಅವಳ ಗಿಡ್ಡ ಕೂದಲು ಹೇಗೆ ಕಾಣುತ್ತದೆ?

ನಿನ್ನ ತಂಗಿ


ಅಕ್ಟೋಬರ್ ೧೫

ತಂಗೀ,

ಗುರುವಾರಾನಾ? ಊಟದ ಹೊತ್ತಿಗಾ?

ಇರಲಿ. ಕುಣಿಯಲಿ ಬಿಡು ನಿನ್ನ ಚುಕ್ಕೆ. ಕಾರಣ ಹುಡುಕಬೇಡ. ಅಕ್ಕ ಹೇಳ್ತಾ ಇದೀನಿ ಅಂತ ಒಂದೇ ಒಂದು ಸಲ ಸುಮ್ಮನಿರು. ಎಲ್ಲಕ್ಕೂ ಕಾರಣ ಕೆದಕೋದು ನಿನ್ನ ಹಳೇ ಕಾಯಿಲೆ. ಚಿಕ್ಕವಳಿದ್ದಾಗ ಹಕ್ಕಿ ಮೊಟ್ಟೆ ಒಳಗೆ ಏನಿದೆ ಅಂತ ದೀಪಕ್ಕೆ ಹಿಡಿದು ನೋಡೋಕೆ ಹೋಗಿ ಬೀಳಿಸಿದವಳು ನೀನು.

ಹುಡುಗಿ ಈಗ ಒಂದೊಂದು ಸಲ ಹಾಡು ಗುನುಗ್ತಾಳೆ. ಮೊನ್ನೆ ಕೆಲಸದಿಂದ ಬಂದವಳೇ “ದೊಡ್ಡಮ್ಮ, ಶಾಲೆಗೆ ಕಳಿಸಿದ ಪರದೆಗೆ ನಾನು ಅಂಚು ಒಂದು ಕಡೆ ಸೊಟ್ಟ ಹೊಲ್ದಿದೀನಿ” ಅಂದಳು. ನಿನಗೆ ಹೆಂಗೆ ಗೊತ್ತಾಯ್ತೇ ಅಂದೆ. ನಕ್ಕು ಮೇಲೆ ಹೋದಳು. ನಾನು ಇಷ್ಟೇ ಹೇಳೋದು. ಇದೇ ಜಾಸ್ತಿ ಆಯ್ತು.

ಅಕ್ಕ


ನವೆಂಬರ್ ೨೨

ಅಕ್ಕಾ,

ಗುರುವಾರ ಸಂಜೆ ಫೋನಿನಲ್ಲಿ ಇಬ್ಬರೂ ಅತ್ತೆವು, ಕೂಗಾಡಿದೆವು. ನಡೆದದ್ದನ್ನು ನೆಟ್ಟಗೆ ಹೇಳಲು ಆಗಲಿಲ್ಲ. ಪೂರ್ತಿ ಬರೆಯುತ್ತೇನೆ.

ಆವತ್ತು ಚುಕ್ಕೆ ಸರಿದಾಗ ಲಾಯರಮ್ಮ ಎದ್ದು ನಿಂತು “ಮಿಸ್, ನಾನು ಹೊರಗೆ ನೋಡ್ಕೊಂಡು ಬರಲಾ?” ಎಂದಳು. ಹೋಗು ಎಂದೆ. ಗೋಡೆಯ ಆಚೆ ಕಿರಿದಾದ ಓಣಿ ಇದೆ, ನರ್ಸಿಂಗ್ ಹೋಮಿನ ಹಿಂಬಾಗಿಲು ಅಲ್ಲಿಗೆ ತೆರೆಯುತ್ತದೆ. ಅವಳು ಓಡಿಬಂದು ಏದುಸಿರಿನಲ್ಲೇ ಗೆದ್ದವಳ ಹಾಗೆ ಹೇಳಿದಳು: “ಆಮ್ಲಜನಕದ ಸಿಲಿಂಡರ್ ಗಾಡಿ ಮಿಸ್! ನಮ್ಮ ಗೋಡೆಗೆ ಅಂಟ್ಕೊಂಡೇ ನಿಂತಿದೆ. ಮೈಯೆಲ್ಲ ಕಬ್ಬಿಣ! ಅಲ್ಲಿ ಇಳಿಸಿಯಾದ ಮೇಲೆ ಊಟಕ್ಕೆ ಇಲ್ಲಿ ನಿಲ್ಲಿಸ್ತಾರಂತೆ. ಡ್ರೈವರ್ ಅಕ್ಕ ಡಬ್ಬಿ ತೆಗೆದು ಊಟ ಮಾಡ್ತಾ ನಮ್ಮ ಕಿಟಕೀನೇ ನೋಡ್ತಿದಾರೆ.”

ತರಗತಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಅಕ್ಕಾ. ನನ್ನ ವಿದ್ಯಾರ್ಥಿನಿ ಕಾರಣ ಹುಡುಕಿದ್ದಳು. ಸೂರ್ಯನಲ್ಲಿ ಬಿರುಗಾಳಿಯೂ ಇಲ್ಲ ಏನೂ ಇಲ್ಲ, ಪ್ರದರ್ಶನಕ್ಕೆ ಮೊದಲು ಗೊತ್ತಾದದ್ದೇ ಒಳ್ಳೆಯದಾಯಿತು ಎಂದುಕೊಂಡೆ. ‘ಡ್ರೈವರ್ ಅಕ್ಕ’ ಎಂಬ ಮಾತು ಕಿವಿಯೊಳಗೆ ಹೋಯಿತು. ಒಳಗೆ ಎಲ್ಲಿಯೂ ತಾಗಲಿಲ್ಲ. ಗಾಡಿ ಓಡಿಸುತ್ತಾಳೆ ಎಂದು ನೀನು ಬರೆದಿದ್ದೆ. ಪರದೆಯ ಸೊಟ್ಟ ಅಂಚಿನ ಬಗ್ಗೆಯೂ ಬರೆದಿದ್ದೆ. ಅದನ್ನು ನಾನು ನಾಲ್ಕು ಸಲ ಓದಿದ್ದೆ. ಅರ್ಧ ಹಾಳೆ ಹರಿದು ದುಂಡಗೆ ಬರೆದೆ:

‘ದಯವಿಟ್ಟು ಇನ್ನು ಮುಂದೆ ಇಲ್ಲಿ ವಾಹನ ನಿಲ್ಲಿಸಬೇಡಿ. ನಿಮ್ಮಿಂದ ನಮ್ಮ ಪ್ರಯೋಗ ಕೆಡುತ್ತಿದೆ.’

ಲಾಯರಮ್ಮ ತೆಗೆದುಕೊಂಡು ಹೋದಳು. ಸ್ವಲ್ಪ ತಡವಾಗಿ ಅದೇ ಚೀಟಿಯೊಂದಿಗೆ ಬಂದಳು. “ಅವರು ತುಂಬ ಹೊತ್ತು ಓದಿದ್ರು ಮಿಸ್. ಆಮೇಲೆ ನನ್ನ ಪೆನ್ನು ಇಸ್ಕೊಂಡ್ರು,” ಎಂದಳು. ಹಿಂದೆ ಬರೆದಿತ್ತು: ‘ಸರಿ ಮಿಸ್. ಇನ್ನು ಕೆಡಿಸಲ್ಲ.’

ನನ್ನ ಮಗಳು ನನ್ನ ತರಗತಿಯಲ್ಲಿ ಕೂತ ಮೂರು ವರ್ಷವೂ ಶಾಲೆಯೊಳಗೆ ನನ್ನನ್ನು ಅಮ್ಮ ಅನ್ನಬಾರದು, ಮಿಸ್ ಅನ್ನಬೇಕು ಎಂಬ ನಿಯಮ ಮಾಡಿದ್ದೆ. ಆ ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು.

ಫೋನಿನಲ್ಲಿ ಹೇಳದೆ ಬಿಟ್ಟದ್ದು ಇದು. ನಾನು ಆಗಲೇ ಓಡಲಿಲ್ಲ. ಆಚೆ ಗಾಡಿ ಚಾಲೂ ಆದ ಸದ್ದು ಕೇಳಿತು. ಚುಕ್ಕೆ ಮರಳಿ ತನ್ನ ಜಾಗಕ್ಕೆ ಬರುತ್ತಾ ತೂಗಾಡುತ್ತಿತ್ತು. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಅದು ನಿಲ್ಲುವವರೆಗೆ ಕಾದು, ಎಲ್ಲಿ ನಿಂತಿತೆಂದು ಹಲಗೆಯ ಮೇಲೆ ಬರೆದು, ಸೀಮೆಸುಣ್ಣ ಕೆಳಗಿಟ್ಟು, ಆಮೇಲೆ ಓಡಿದೆ. ಓಣಿಯಲ್ಲಿ ಎಣ್ಣೆಯ ಕಲೆ ಒಂದೇ ಇತ್ತು.

ಯಾಕೆ ಕಾದೆ? ಕೈಗೆ ಅಭ್ಯಾಸ, ಬುದ್ಧಿ ಕಲ್ಲಾಗಿತ್ತು ಎಂದೆಲ್ಲ ಹೇಳಿಕೊಂಡು ನೋಡಿದೆ. ಅವಳ ಎದುರಿಗೆ ಹೋಗಿ ನಿಲ್ಲಲು ಹೆದರಿದೆನೇ ಎಂಬ ಪ್ರಶ್ನೆಯೊಂದು ಉಳಿದಿದೆ. ಅದಕ್ಕೆ ಇಲ್ಲ ಅನ್ನಲು ಧೈರ್ಯ ಬರುತ್ತಿಲ್ಲ.

ಅವಳು ಬಂದಳೇ? ಬಂದಿದ್ದರೆ ಒಂದು ಖಾಲಿ ಕಾಗದವನ್ನಾದರೂ ಕಳಿಸು.

ನಿನ್ನ ತಂಗಿ


ನವೆಂಬರ್ ೨೭

ಬಂದಿಲ್ಲ.

ಗುರುವಾರವೇ ಗಾಡೀನ ಸಿಲಿಂಡರ್ ಏಜೆನ್ಸಿ ಅಂಗಳಕ್ಕೆ ತಂದು ನಿಲ್ಲಿಸಿ, ಕೀಲಿಕೈ ಕೊಟ್ಟು, ಲೆಕ್ಕ ಒಪ್ಪಿಸಿ ಹೋಗಿದಾಳೆ. ಆವತ್ತು ಬೆಳಿಗ್ಗೆ ಮರೆತು ಹೋದ ಫೋನ್ ಇಲ್ಲೇ ಹಾಸಿಗೆ ಮೇಲಿದೆ. ಮಾತ್ರೆ ಡಬ್ಬಿಯೂ ಇಲ್ಲೇ ಇದೆ. ಅದನ್ನು ಬಿಟ್ಟು ಹೋಗಿದಾಳೆ, ತಿಳೀತಾ? ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆ. “ದೊಡ್ಡವಳಲ್ವಾ, ಬರ್ತಾಳೆ ಬಿಡಿ” ಅಂದ್ರು.

ನೀನು ಬೈಸಿಕೊಳ್ಳೋಕೆ ಕಾಯ್ತಾ ಇದೀಯ ಅಂತ ಗೊತ್ತು. ಬೈಯೋಕೂ ಕೈಲಾಗ್ತಿಲ್ಲ. ಮಾತು ಕೊಟ್ಟೆ ಅಂತ ಬಾಯಿ ಮುಚ್ಕೊಂಡು ಕೂತವಳು ನಾನಲ್ವಾ? ಒಂದು ಸಾಲು, ‘ಗೋಡೆ ಆಚೆ ಇರೋದು ನಿನ್ನ ಮಗಳು ಕಣೇ’ ಅಂತ ಬರೆದಿದ್ರೆ ಆಗ್ತಿತ್ತು.

ಅಕ್ಕ


ಡಿಸೆಂಬರ್ ೩೦

ಅಕ್ಕಾ,

ಈ ತಿಂಗಳಿಡೀ ನಾವಿಬ್ಬರೂ ಒಟ್ಟಿಗೆ ಅಲೆದೆವು. ಆದರೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಲಿಲ್ಲ. ಅದಕ್ಕೇ ಮತ್ತೆ ಕಾಗದ.

ಆಸ್ಪತ್ರೆಗಳಲ್ಲಿ ಗುರುತು ಹೇಳುವಾಗ ನೀನು ‘ಗಿಡ್ಡ ಕೂದಲು’ ಎನ್ನುತ್ತಿದ್ದೆ, ನಾನು ‘ಉದ್ದ ಜಡೆ’ ಎನ್ನುತ್ತಿದ್ದೆ. ಆ ಗುಮಾಸ್ತ ಪೆನ್ನು ಎತ್ತಿ “ಮೊದಲು ನೀವಿಬ್ರೂ ಒಂದು ತೀರ್ಮಾನಕ್ಕೆ ಬನ್ನಿ” ಅಂದನಲ್ಲ, ಆ ಮಾತು ಕಿವಿಯಿಂದ ಹೋಗುತ್ತಿಲ್ಲ. ಶವಾಗಾರದ ಬಾಗಿಲಲ್ಲಿ ನೀನು ನನ್ನನ್ನು ಹೊರಗೇ ನಿಲ್ಲಿಸಿ ಒಳಗೆ ಹೋದೆ. ಹೊರಗೆ ಬಂದು ತಲೆ ಅಡ್ಡಡ್ಡ ಆಡಿಸಿದೆ. ನಾನು ಆ ಗೋಡೆಗೇ ಕೈಮುಗಿದೆ. ಅವಳಲ್ಲ ಎಂಬ ಸಂತೋಷಕ್ಕೆ. ಒಳಗೆ ಮಲಗಿದ್ದವಳಿಗೂ ಒಬ್ಬ ತಾಯಿ ಇದ್ದಾಳೆ ಎಂದು ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ.

ಚುಕ್ಕೆ ಅಲುಗುವುದಿಲ್ಲ. ಇಂಥ ನಿಚ್ಚಳವಾದ ಅಳತೆ ಯಾವ ಶಾಲೆಯಲ್ಲೂ ಇಲ್ಲ ಎಂದು ಹೆಡ್‌ಮಿಸ್ ಹೊಗಳಿದರು. ಗುರುವಾರ ಮಧ್ಯಾಹ್ನ ನಾನು ಪಾಠ ಮಾಡಲಾರೆ. ಮಕ್ಕಳಿಗೆ ಚಿತ್ರ ಬರೆಯಲು ಕೊಟ್ಟು ಗೋಡೆ ನೋಡುತ್ತಾ ನಿಲ್ಲುತ್ತೇನೆ. ದೀಪವನ್ನು ಹತ್ತಿರ ತಂದೆ. ನೂಲು ಬದಲಿಸಿದೆ. ಉಸಿರು ಬಿಗಿಹಿಡಿದೆ. ಒಂದು ಸಲ, ನಾಚಿಕೆಯಾಗುತ್ತದೆ ಬರೆಯಲು, ಯಾರೂ ಇಲ್ಲದಾಗ ನನ್ನ ಮನೆಯ ಕಬ್ಬಿಣದ ಬಾಣಲೆ ತಂದು ಭರಣಿಯ ಹತ್ತಿರ ಹಿಡಿದೆ. ಚುಕ್ಕೆ ಸರಿದದ್ದನ್ನು ನೋಡಬೇಕಿತ್ತು, ಅಷ್ಟೇ.

ಮೂರು ವಾರದ ಹಿಂದೆ ಶಾಲೆ ಬಿಟ್ಟ ಮೇಲೆ ಲಾಯರಮ್ಮ ಹಿಂದೆಯೇ ಉಳಿದಳು.

“ಮಿಸ್, ಆ ಡ್ರೈವರ್ ಅಕ್ಕ ನಿಮಗೆ ಗೊತ್ತಿದ್ದವರಾ?”

“ಯಾಕೆ?”

“ಚೀಟಿ ಕೊಟ್ಟಾಗ ಅವರು ನನ್ನ ಕೇಳಿದ್ರು, ನಿಮ್ಮ ಮಿಸ್ ಈಗಲೂ ಊಟ ಮರೀತಾರಾ ಅಂತ. ನಾನು ಹೂಂ ಅಂದೆ. ಅದನ್ನ ನಿಮಗೆ ಹೇಳ್ಬೇಕಿತ್ತಾ? ಪ್ರಯೋಗಕ್ಕೆ ಸಂಬಂಧ ಇಲ್ಲ ಅಂತ ಬಿಟ್ಟೆ.”

ನಾನು ಅವಳನ್ನು ತಬ್ಬಿಕೊಂಡೆ. ಪಾಪ, ಮಗು ಹೆದರಿತು. ನಾನು ಬಿಡಲಿಲ್ಲ.

ಮರುದಿನ ಬಂದು ನೋಡಿದರೆ ಓಣಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ, ಮಕ್ಕಳ ಕೈಬರಹದಲ್ಲಿ, ‘ಸಿಲಿಂಡರ್ ಗಾಡಿ ಇಲ್ಲಿ ನಿಲ್ಲಿಸಬಹುದು’ ಎಂದಿತ್ತು. ಈಗ ಬೇರೊಬ್ಬ ಚಾಲಕ ಬರುತ್ತಾನೆ. ಅವನು ಓದಿ ನಕ್ಕು ಹೋಗುತ್ತಾನೆ, ನಿಲ್ಲಿಸುವುದಿಲ್ಲ. ಅವನಿಗೆ ಇಲ್ಲಿ ನಿಲ್ಲಿಸುವ ಕೆಲಸವೇನು? ಊಟ ಮಾಡಲು ದಾರಿಯಲ್ಲಿ ನೆರಳಿರುವ ಜಾಗ ಎಷ್ಟೋ ಇವೆ.

ನಿನ್ನ ತಂಗಿ


ಫೆಬ್ರವರಿ ೨

ತಂಗೀ,

ಕೂತ್ಕೊಂಡು ಓದು. ಬದುಕಿದಾಳೆ.

ಅಂಗಡಿ ಫೋನಿಗೆ ಮಾಡಿದ್ದಳು. ಗ್ರಾಹಕರು ಯಾರೋ ಅಂದ್ಕೊಂಡು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹಲೋ ಅಂದೆ. “ದೊಡ್ಡಮ್ಮ, ಪಿನ್ನು ತೆಗೀರಿ” ಅಂದಳು. ಆಮೇಲೆ ನಾನು ಅತ್ತಿದ್ದರಲ್ಲಿ ಅರ್ಧ ಹೊತ್ತು ಹೋಯ್ತು. ಅದೇ ಏಜೆನ್ಸಿಯವರದು ದೂರದ ಗೋದಾಮೊಂದಿದೆಯಂತೆ. ಅಲ್ಲಿ ಸಿಲಿಂಡರ್ ತುಂಬೋ ಕಡೆ ಕೆಲಸ, ಅಲ್ಲೇ ಹಿಂದೆ ರೂಮು. ಯಾರಿಗೂ ಹೇಳಲ್ಲ ಅಂತ ಏಜೆನ್ಸಿಯವರ ಹತ್ರಾನೂ ಮಾತು ತಗೊಂಡಿದ್ದಳಂತೆ. ಮಾತ್ರೆ ತಗೋತಿದೀಯಾ ಅಂದೆ. “ಅಂಗಡೀಲಿ ಕೆಲಸ ಜಾಸ್ತಿಯಾ?” ಅಂದಳು. ದನಿ ಚೆನ್ನಾಗಿಲ್ಲ ಕಣೇ. ಬಾವಿಯೊಳಗಿಂದ ಮಾತಾಡಿದ ಹಾಗಿತ್ತು. ನಾನು ಬರ್ತೀನಿ ಅಂದೆ. ಬನ್ನಿ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಭಾನುವಾರ ಹೊರಡ್ತೀನಿ, ಮಾತ್ರೆ ಡಬ್ಬಿ, ಕಂಬಳಿ ತಗೊಂಡು. ನೀನು ಈಗಲೇ ಬರಬೇಡ. ಹೊಟ್ಟೆ ಉರಿಯುತ್ತೆ ನಿನಗೆ, ಗೊತ್ತು. ಆದರೂ ಬೇಡ.

ಅಮ್ಮ ಕಾಗದ ಬರೆದ್ರೆ ಓದ್ತೀಯಾ ಅಂದೆ. “ಗೊತ್ತಿಲ್ಲ” ಅಂದಳು. ವಿಳಾಸ ಮಾತ್ರ ಹೇಳಿದಳು, ಕೆಳಗೆ ಬರೆದಿದೀನಿ.

ನನ್ನ ಮಾತು ಕೇಳು. ಕಾಗದ ಬರಿ, ಬರೆದು ಎಂಟು ದಿನ ಪೆಟ್ಟಿಗೇಲಿಡು. ಆಮೇಲೆ ತೆಗೆದು ಓದಿ, ಎಲ್ಲೆಲ್ಲಿ ಮಿಸ್ ಮಾತಾಡಿದಾಳೋ ಅಲ್ಲೆಲ್ಲ ಹೊಡೆದುಹಾಕು. ಉಳಿದದ್ದು ಎರಡೇ ಸಾಲಾದ್ರೂ ಪರವಾಗಿಲ್ಲ, ಅದನ್ನ ಕಳಿಸು.

ಅಕ್ಕ


ಫೆಬ್ರವರಿ ೫

ಪುಟ್ಟೀ,

ನೀನು ಇದನ್ನು ಒಡೆಯದೆಯೇ ಇಡಬಹುದು. ಒಡೆದರೂ ಅರ್ಧಕ್ಕೆ ನಿಲ್ಲಿಸಬಹುದು. ಆದ್ದರಿಂದ ಮುಖ್ಯವಾದದ್ದು ಮೊದಲು: ನಿನ್ನಿಂದ ಏನೂ ಕೆಡಲಿಲ್ಲ.

ಆ ಚೀಟಿ ಬರೆದಾಗ ಗೋಡೆಯಾಚೆ ಇದ್ದವಳು ನೀನು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಿತ್ತು. ಇದು ಸಮಜಾಯಿಷಿಯಲ್ಲ. ನಿನ್ನ ಉತ್ತರ ಓದಿದ ಮೇಲೂ ಚುಕ್ಕೆ ನಿಲ್ಲುವವರೆಗೆ ನಿಂತೆ, ಆಮೇಲೆ ಓಡಿಬಂದೆ. ನೀನು ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ್ದರೆ ಓಣಿ ಖಾಲಿ ಕಂಡಿರುತ್ತದೆ. ನೋಡಿದೆಯಾ? ಇದೊಂದನ್ನು ಯೋಚಿಸದೆ ನನಗೆ ಯಾವ ದಿನವೂ ಮುಗಿಯುವುದಿಲ್ಲ.

ಪ್ರದರ್ಶನಕ್ಕೆ ನಾವು ಹೋದೆವು. ಲಾಯರಮ್ಮ, ನಿನಗೆ ಪೆನ್ನು ಕೊಟ್ಟ ಹುಡುಗಿ, ಹಟ ಹಿಡಿದು ಗುರುವಾರಗಳಂದು ಚುಕ್ಕೆ ಸರಿದ ಗೆರೆಯನ್ನೇ ದೊಡ್ಡದಾಗಿ ಬರೆದು ತೂಗುಹಾಕಿದಳು. ತೀರ್ಪುಗಾರರು ಬಂದು “ಇದು ಸೂರ್ಯನದಲ್ಲ, ಪಕ್ಕದಲ್ಲಿ ಯಾವುದೋ ಗಾಡಿ ನಿಂತಿತ್ತು, ತಪ್ಪು ಅಳತೆ” ಎಂದರು. ಅವಳು ಸೊಂಟಕ್ಕೆ ಕೈಯಿಟ್ಟು “ಗಾಡಿ ನಿಂತಿದ್ದು ನಿಜ ತಾನೇ ಸರ್? ನಮ್ಮ ಭರಣಿ ನಿಜಾನೇ ಹೇಳಿದೆ. ನಾವೇ ತಪ್ಪಾಗಿ ಓದಿದ್ದು,” ಎಂದಳು. ಬಹುಮಾನ ಬರಲಿಲ್ಲ. ನಾನು ಆ ಮಗುವಿನ ಹಿಂದೆ ನಿಂತು ಎಲ್ಲರ ಎದುರೇ ಅತ್ತೆ. ಮಿಸ್ ಅತ್ತದ್ದನ್ನು ಶಾಲೆಯಿಡೀ ಈಗಲೂ ಮಾತಾಡಿಕೊಳ್ಳುತ್ತಿದೆ.

ಅಂದು ಬೆಳಗಾಗೋದೇ ಬೇಡ ಅನ್ಸುತ್ತೆ ಎಂದು ನೀನು ಹೇಳಿದಾಗ, ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಬಾ, ಇಲ್ಲಿ ಪಕ್ಕದಲ್ಲಿ ಮಲಗು. ತಡವಾಗಿ ಹೇಳುತ್ತಿದ್ದೇನೆ. ಬಾ ಎಂದು ಕರೆಯುವ ಹಕ್ಕು ಈಗ ನನಗಿಲ್ಲ, ಕರೆಯುವುದೂ ಇಲ್ಲ. ದೊಡ್ಡಮ್ಮ ಭಾನುವಾರ ಬರುತ್ತಾಳೆ. ಬಾಗಿಲು ತೆಗೆ. ಮಾತ್ರೆ ತಗೋ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಸಿಟ್ಟಿಟ್ಟುಕೊಂಡೇ ತಗೋ.

ಪರದೆಯ ಸೊಟ್ಟ ಅಂಚನ್ನು ನಾನು ಬಿಚ್ಚಿಸಿಲ್ಲ. ಇವತ್ತು ಗುರುವಾರ. ಊಟ ಮಾಡಿದೆ.

ಬರೆದದ್ದನ್ನು ಎಂಟು ದಿನ ಪೆಟ್ಟಿಗೆಯಲ್ಲಿಟ್ಟು, ತಿದ್ದಿ, ಆಮೇಲೆ ಕಳಿಸು ಎಂದಿದ್ದಾಳೆ ನಿನ್ನ ದೊಡ್ಡಮ್ಮ. ಅವಳು ಹೇಳಿದ್ದು ಸರಿಯೇ ಇರಬೇಕು. ಇದರಲ್ಲಿ ಎಲ್ಲೆಲ್ಲಿ ಮಿಸ್ ಮಾತಾಡಿದ್ದಾಳೋ ನನಗೆ ಕಾಣುತ್ತಿಲ್ಲ. ನೀನೇ ಹೊಡೆದುಹಾಕು. ಚುಕ್ಕೆ ನಿಲ್ಲಲಿ ಎಂದು ಒಮ್ಮೆ ಕಾದಿದ್ದೇನೆ.

ಅಮ್ಮ

ಅಂಚೆಗೆ ಹಾಕುವ ದಿನ: ಇವತ್ತೇ, ಫೆಬ್ರವರಿ ೫.